ರೇವಾ ಕಾರು ಮತ್ತು ಚೇತನ್ ಮೈನಿ: ಮುಂಚೆ ಹೊರಟವರ ಚರಿತ್ರೆ

ತಾಳವಾಡಿ ಬೆಟ್ಟಸೀಮೆಯ ಕನ್ನಡಿಗರು ಸಾಹಿತ್ಯದ ಹೆಸರಿನಲ್ಲಿ ಕೂಡಿದಾಗ ಹೊರಬರುವ ಸ್ಮರಣ ಸಂಚಿಕೆಯಲ್ಲಿ ಗಡಿಯ ಇತಿಹಾಸ, ಗಾಜನೂರಿನ ಡಾ. ರಾಜ್‌ಕುಮಾರರ ನೆನಪು, ನಮ್ಮ ಕನ್ನಡ ಶಾಲೆಗಳ ಸ್ಥಿತಿಗತಿ, ಸೋಲಿಗರ ಹಾಡುಗಬ್ಬ ಇವೆಲ್ಲ ಇರುವುದು ರೂಢಿ. ಅವುಗಳ ನಡುವೆ ಕಾರಿನ ಕಾರ್ಖಾನೆಯೊಂದನ್ನು ಕಟ್ಟಿ ನಡೆಸಿದ ತಂತ್ರಜ್ಞರೊಬ್ಬರ ವೃತ್ತಿಜೀವನವನ್ನು ಕುರಿತು ಬರೆಯಲು ನಾವು ಮುಂದಾಗಿದ್ದೇವೆ. ಇದಕ್ಕೆ ಕಾರಣವಿದೆ. ನಮ್ಮ ಸೀಮೆಯ ತರುಣರಲ್ಲಿ ಅನೇಕರು ಇಂದು ದುಡಿಮೆಗಾಗಿ ಹೋಗುವುದು ಕಾರ್ಖಾನೆಗಳಿಗೆ. ಚಾಮರಾಜನಗರದ ದಾರಿ ಹಿಡಿದು ಬೆಂಗಳೂರಿಗೆ, ದಿಂಬಂ ಘಾಟಿ ಇಳಿದು ಕೊಯಮತ್ತೂರಿಗೆ, ಇತ್ತೀಚೆಗೆ ಹೊಸೂರಿಗೆ. ಅವರು ದುಡಿಯುವ ಉದ್ಯಮಗಳು ಹೇಗೆ ಹುಟ್ಟಿದವು, ಯಾರು ಕಟ್ಟಿದರು, ಎಲ್ಲಿ ಎಡವಿದರು ಎಂಬುದನ್ನು ಕನ್ನಡದಲ್ಲಿ ಓದಬಯಸುವವರಿಗೆ ದೊರಕುವ ಬರಹ ತೀರ ಕಡಿಮೆ. ಅರಸರ ಚರಿತ್ರೆಯನ್ನು, ಕವಿಗಳ ಚರಿತ್ರೆಯನ್ನು ನಾವು ಬರೆದುಕೊಂಡಿದ್ದೇವೆ. ಯಂತ್ರ ಕಟ್ಟಿದವರ ಚರಿತ್ರೆಯನ್ನೂ ಬರೆದುಕೊಳ್ಳಬೇಕು.

ನಾವು ಆರಿಸಿಕೊಂಡಿರುವವರು ಬೆಂಗಳೂರಿನ ಚೇತನ್ ಮೈನಿ. 2001ರಲ್ಲಿ ಬೊಮ್ಮಸಂದ್ರದ ಕಾರ್ಖಾನೆಯಿಂದ ರಸ್ತೆಗಿಳಿದ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು ಅವರ ಹೆಸರಿನೊಡನೆ ಸೇರಿಕೊಂಡಿದೆ. ಆ ಕಾರು ಹೆಚ್ಚು ಮಾರಾಟವಾಗಲಿಲ್ಲ. ಕಂಪನಿ ಹತ್ತೇ ವರ್ಷದಲ್ಲಿ ಬೇರೆಯವರ ಕೈ ಸೇರಿತು. ಆದ್ದರಿಂದ ಇದನ್ನು ಸೋಲಿನ ಕಥೆ ಎಂದು ಬದಿಗಿಡುವವರಿದ್ದಾರೆ. ಆ ತೀರ್ಪು ಸರಿಯೇ ಎಂದು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

ಪರೀಕ್ಷೆಗೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಕನ್ನಡ ನಾಡಿನಲ್ಲಿ ಕಾರು ತಯಾರಿಸಬೇಕೆಂಬ ಹಂಬಲ ರೇವಾದಿಂದ ಆರಂಭವಾದುದಲ್ಲ. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ನಿವೃತ್ತಿಯ ಬಳಿಕ ಕೈಗೆತ್ತಿಕೊಂಡ ದೊಡ್ಡ ಕೆಲಸಗಳಲ್ಲಿ ಮೋಟಾರು ಕಾರ್ಖಾನೆಯ ಯೋಜನೆಯೂ ಒಂದು. 1934ರಲ್ಲಿ ಅವರು ಭಾರತದ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಮರುವರ್ಷ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪು ಮತ್ತು ಅಮೆರಿಕಗಳನ್ನು ಸುತ್ತಿ ಕಾರಿನ ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದರು. ಉದ್ಯಮಿ ವಾಲಚಂದ ಹೀರಾಚಂದರು ಅವರ ಜೊತೆಗೂಡಿದರು. ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಮಾತುಕತೆಯಾಯಿತು. ಮೊದಲು ಮುಂಬಯಿ ಪ್ರಾಂತದಲ್ಲಿ, ಅಲ್ಲಿನ ಕಾಂಗ್ರೆಸ್ ಮಂತ್ರಿಮಂಡಲ 1939ರಲ್ಲಿ ರಾಜೀನಾಮೆ ಕೊಟ್ಟ ಮೇಲೆ ಮೈಸೂರಿನಲ್ಲಿ, ಕಾರ್ಖಾನೆ ನೆಲೆಗೊಳ್ಳುವ ಆಸೆ ಚಿಗುರಿತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರಿಗೆ ಆಸಕ್ತಿಯಿತ್ತು. ಮೈಸೂರು ಸರ್ಕಾರ ಹಣ ತೊಡಗಿಸಲು ಸಿದ್ಧವಿತ್ತು. ಆದರೆ ದೇಶೀ ಸಂಸ್ಥಾನದ ಇಷ್ಟೊಂದೇ ಸಾಲದಾಗಿತ್ತು. ದಿಲ್ಲಿಯ ಬ್ರಿಟಿಷ್ ಸರ್ಕಾರ ಯುದ್ಧಕಾಲದ ನೆಪದಲ್ಲಿ ಯೋಜನೆಗೆ ಒಪ್ಪಿಗೆ ಕೊಡಲಿಲ್ಲ. ಅದೇ ವಾಲಚಂದರು ಮೈಸೂರು ಸರ್ಕಾರದ ಪಾಲುಗಾರಿಕೆಯಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು, ಏಕೆಂದರೆ ಯುದ್ಧಕ್ಕೆ ವಿಮಾನ ಬೇಕಾಗಿತ್ತು. ಕಾರಿನ ಕಾರ್ಖಾನೆ ಮಾತ್ರ 1944ರಲ್ಲಿ ಪ್ರೀಮಿಯರ್ ಎಂಬ ಹೆಸರಿನಲ್ಲಿ ಮುಂಬಯಿಯ ಪಾಲಾಯಿತು.

ಮೈಸೂರಿನ ಆ ಯೋಜನೆಯಲ್ಲಿ ತಂತ್ರದ ಕೊರತೆಯಿರಲಿಲ್ಲ, ಹಣ ಹೊಂದಿಸುವ ದಾರಿಯೂ ಕಂಡಿತ್ತು. ಸಿಗದೆ ಹೋದುದು ಆಳುವವರ ಒತ್ತಾಸೆ. ರೇವಾದ ಕಥೆಯಲ್ಲಿ ನಾವು ಮತ್ತೆ ಇದನ್ನೇ ಎದುರಾಗಲಿದ್ದೇವೆ. ಆದ್ದರಿಂದ ಓದುಗರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಸ್ವಾತಂತ್ರ್ಯಾನಂತರ ಬೆಂಗಳೂರಿನಲ್ಲಿ ಸಿಪಾನಿ ಎಂಬ ಸಂಸ್ಥೆ ಸಣ್ಣ ಕಾರುಗಳನ್ನು ತಯಾರಿಸಿತು. ಮೂರು ಚಕ್ರದ ‘ಬಾದಲ್’, ಅನಂತರ 1980ರ ದಶಕದಲ್ಲಿ ಇಂಗ್ಲೆಂಡಿನ ಮಾದರಿಯೊಂದನ್ನು ಆಧರಿಸಿದ, ಫೈಬರ್ ಮೈಯ ‘ಡಾಲ್ಫಿನ್’. 1983ರ ಡಿಸೆಂಬರಿನಲ್ಲಿ ಸರ್ಕಾರದ ಬೆಂಬಲದ ಮಾರುತಿ 800 ಬಂದಮೇಲೆ ಅದರೆದುರು ಡಾಲ್ಫಿನ್ ನಿಲ್ಲಲಾರದೆ ಹೋಯಿತು. 1990ರ ದಶಕದ ಕೊನೆಯಲ್ಲಿ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಬಂದಿತು. ಅದು ಜಪಾನಿನ ತಂತ್ರವನ್ನು ಆಧರಿಸಿ ನಿಂತ ದೊಡ್ಡ ಉದ್ಯಮ. ಇವೆರಡರ ನಡುವಿನ ಅವಧಿಯಲ್ಲಿಯೇ ಬೊಮ್ಮಸಂದ್ರದಲ್ಲಿ ಬೇರೊಂದು ಬಗೆಯ ಕೆಲಸ ಸದ್ದಿಲ್ಲದೆ ನಡೆಯುತ್ತಿತ್ತು.

ಚೇತನ್ ಮೈನಿ 1970ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ತಂದೆ ಸುದರ್ಶನ್ ಮೈನಿ ಅವರು 1973ರಲ್ಲಿ ನಿಖರ ಬಿಡಿಭಾಗಗಳನ್ನು ತಯಾರಿಸುವ ಉದ್ಯಮವನ್ನು ಆರಂಭಿಸಿ ಬೆಳೆಸಿದವರು. ಮನೆಯಲ್ಲಿ ಯಂತ್ರದ ಮಾತು ಸಹಜವಾಗಿತ್ತು. ಚೇತನ್ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದಾಗ ಅಲ್ಲಿನ ವಿದ್ಯಾರ್ಥಿಗಳ ಸೌರ ಕಾರಿನ ತಂಡ ಸೇರಿದರು. ಆ ತಂಡ ಕಟ್ಟಿದ ‘ಸನ್‌ರನ್ನರ್’ 1990ರಲ್ಲಿ ಫ್ಲಾರಿಡಾದಿಂದ ಮಿಷಿಗನ್‌ವರೆಗಿನ ಅಮೆರಿಕದ ಸೌರ ಕಾರು ಸ್ಪರ್ಧೆಯಲ್ಲಿ ಪ್ರಥಮ ಸ್ಥಾನ ಗಳಿಸಿತು. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ಡಾರ್ವಿನ್ನಿನಿಂದ ಅಡಿಲೇಡಿಗೆ ಸುಮಾರು 3,000 ಕಿಲೋಮೀಟರ್ ದೂರದ ವಿಶ್ವ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಪಡೆಯಿತು. ಇಪ್ಪತ್ತರ ಹರೆಯದ ಹುಡುಗನಿಗೆ ಆ ಮರಳುಗಾಡಿನ ದಾರಿ ಕಲಿಸಿದ ಪಾಠವೆಂದರೆ, ಗಾಡಿಯನ್ನು ಹಗುರ ಮಾಡಿ, ಶಕ್ತಿಯನ್ನು ಹನಿಹನಿಯಾಗಿ ಲೆಕ್ಕವಿಟ್ಟು ಖರ್ಚು ಮಾಡಿದರೆ ಪೆಟ್ರೋಲಿಲ್ಲದೆಯೂ ಖಂಡವೊಂದನ್ನು ದಾಟಬಹುದೆಂಬುದು. ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಕ್ಯಾಲಿಫೋರ್ನಿಯಾದ ಅಮೆರಿಗಾನ್ ಎಂಬ ಕಂಪನಿಯಲ್ಲಿ ವಿದ್ಯುತ್ ವಾಹನಗಳ ಮೇಲೆ ಕೆಲಸ ಮಾಡಿದರು.

ಆ ಕಾಲದ ಕ್ಯಾಲಿಫೋರ್ನಿಯಾ ಇಂತಹ ಪ್ರಯೋಗಗಳಿಗೆ ಹದವಾದ ನೆಲವಾಗಿತ್ತು. ಅಲ್ಲಿನ ವಾಯುಮಾಲಿನ್ಯವನ್ನು ಕಂಡು ರಾಜ್ಯದ ಆಡಳಿತ 1990ರಲ್ಲಿ ಒಂದು ನಿಯಮ ತಂದಿತ್ತು: ದೊಡ್ಡ ಕಾರು ಕಂಪನಿಗಳು ಹೊಗೆಯುಗುಳದ ಕಾರುಗಳನ್ನೂ ಒಂದು ಪ್ರಮಾಣದಲ್ಲಿ ಮಾರಲೇಬೇಕು. ವಿದ್ಯುತ್ ಕಾರು ಹೊಸ ಸಂಗತಿಯೇನಲ್ಲ. 1900ರ ಸುಮಾರಿಗೆ ಅಮೆರಿಕದ ಬೀದಿಗಳಲ್ಲಿ ಹಬೆ, ಪೆಟ್ರೋಲು, ವಿದ್ಯುತ್ತು ಮೂರೂ ಬಗೆಯ ಕಾರುಗಳು ಪೈಪೋಟಿ ನಡೆಸುತ್ತಿದ್ದವು. 1908ರಲ್ಲಿ ಫೋರ್ಡ್ ಕಂಪನಿಯ ಅಗ್ಗದ ಮಾಡೆಲ್ ಟಿ ಬಂದು, ಕೈಯಿಂದ ಹ್ಯಾಂಡಲ್ ತಿರುಗಿಸದೆ ಇಂಜಿನ್ ಚಾಲೂ ಮಾಡುವ ಉಪಾಯ ಕೆಲವೇ ವರ್ಷಗಳಲ್ಲಿ ಸಿಕ್ಕಮೇಲೆ ವಿದ್ಯುತ್ ಕಾರು ಮೂಲೆ ಸೇರಿತು. ಎಂಬತ್ತು ವರ್ಷ ಮಲಗಿದ್ದುದು ಮತ್ತೆ ಎದ್ದು ಕುಳಿತ ಹೊತ್ತಿನಲ್ಲಿ ಚೇತನ್ ಅಲ್ಲಿದ್ದರು.

ಮೈನಿ ಕುಟುಂಬ ಮತ್ತು ಅಮೆರಿಗಾನ್ ಸೇರಿ 1990ರ ದಶಕದ ನಡುವಿನಲ್ಲಿ ರೇವಾ ವಿದ್ಯುತ್ ಕಾರು ಕಂಪನಿಯನ್ನು ಜಂಟಿಯಾಗಿ ಆರಂಭಿಸಿದವು. ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಆ ಹೆಸರಿಗೆ ಒಂದು ವಿವರಣೆಯಿದ್ದರೂ ರೇವಾ ಎಂಬುದು ಚೇತನರ ತಾಯಿಯ ಹೆಸರು. ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಭಾರತದಲ್ಲಿ ವಿದ್ಯುತ್ ಕಾರಿನ ಯತ್ನ ಇದೇ ಮೊದಲಲ್ಲ. 1993ರಲ್ಲಿ ಎಡ್ಡಿ ಎಂಬ ಸಂಸ್ಥೆ ‘ಲವ್‌ಬರ್ಡ್’ ಎಂಬ ಎರಡು ಆಸನದ ವಿದ್ಯುತ್ ಕಾರನ್ನು ದಿಲ್ಲಿಯ ವಾಹನ ಪ್ರದರ್ಶನದಲ್ಲಿಟ್ಟಿತ್ತು. ಅದರ ತಯಾರಿಕೆಗೆ ಕೇರಳದ ಚಾಲಕುಡಿಯ ನಂಟೂ, ಒಂದು ಕಾಲಕ್ಕೆ ನಮ್ಮ ಜಿಲ್ಲಾ ಕೇಂದ್ರವಾಗಿದ್ದ ಕೊಯಮತ್ತೂರಿನ ನಂಟೂ ಇದ್ದವು. ಕೆಲವೇ ಕಾರುಗಳು ಮಾರಾಟವಾಗಿ ಅದು ನಿಂತುಹೋಯಿತು. ರೇವಾ ಅದಕ್ಕಿಂತ ಬಹಳ ದೂರ ನಡೆಯಿತು.

ಕಲ್ಪನೆಯಿಂದ ಮಾರಾಟದವರೆಗೆ ಸುಮಾರು ಏಳು ವರ್ಷ ಹಿಡಿಯಿತು. ಪೆಟ್ರೋಲು ಕಾರಿಗೆ ಬೇಕಾದ ಬಿಡಿಭಾಗ ಒದಗಿಸುವವರು ದೇಶದಲ್ಲಿ ಬೇಕಾದಷ್ಟಿದ್ದರು. ವಿದ್ಯುತ್ ಕಾರಿನ ಮೋಟಾರು, ಅದನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಕ, ಬ್ಯಾಟರಿಯ ಆರೋಗ್ಯವನ್ನು ಕ್ಷಣಕ್ಷಣಕ್ಕೆ ಗಮನಿಸುವ ಗಣಕ ವ್ಯವಸ್ಥೆ ಇವುಗಳಿಗೆ ಇಲ್ಲಿ ಮಾದರಿಯೇ ಇರಲಿಲ್ಲ. ಎಲ್ಲವನ್ನೂ ಮೊದಲಿಂದ ಕಟ್ಟಿಕೊಳ್ಳಬೇಕಾಯಿತು. 2001ರಲ್ಲಿ ಬಂದ ಕಾರು ಎರಡೂವರೆ ಮೀಟರಿಗಿಂತ ಸ್ವಲ್ಪವೇ ಉದ್ದ. ಉಕ್ಕಿನ ಚೌಕಟ್ಟು, ಅದರ ಮೇಲೆ ಬಣ್ಣ ಬೆರೆಸಿಯೇ ಎರಕ ಹೊಯ್ದ ಪ್ಲಾಸ್ಟಿಕ್ ಹೊದಿಕೆ. ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕೂರುವಷ್ಟು ಜಾಗ. ಆಸನದ ಕೆಳಗೆ ಆರು ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳು. ಮನೆಯ 15 ಆಂಪಿಯರ್ ಪ್ಲಗ್ಗಿಗೆ ತಗುಲಿಸಿದರೆ ಸುಮಾರು ಎಂಟು ಗಂಟೆಯಲ್ಲಿ ಪೂರ್ತಿ ಚಾರ್ಜು. ಒಮ್ಮೆ ಚಾರ್ಜು ಮಾಡಿದರೆ 80 ಕಿಲೋಮೀಟರ್ ಓಟವೆಂದು ಕಂಪನಿಯ ಲೆಕ್ಕ.

ಈ ಅಂಕಿಗಳನ್ನು ನಮ್ಮ ದಾರಿಗೆ ಹೊಂದಿಸಿ ನೋಡಿದರೆ ಆ ಕಾರಿನ ಶಕ್ತಿಯೂ ಮಿತಿಯೂ ಓದುಗರಿಗೆ ಸ್ಪಷ್ಟವಾದೀತು. ತಾಳವಾಡಿಯ ಬಯಲು ಮೈಸೂರು ಪೀಠಭೂಮಿಯ ಮುಂದುವರಿಕೆ. ಇಲ್ಲಿಂದ ಚಾಮರಾಜನಗರಕ್ಕೆ ಘಾಟಿಯಿಲ್ಲ. ಹೊಸ ಬ್ಯಾಟರಿಯ ರೇವಾ ಒಂದೇ ಚಾರ್ಜಿನಲ್ಲಿ ಹೋಗಿ ಬರಬಹುದಾಗಿತ್ತು. ಸತ್ಯಮಂಗಲದ ಕಡೆಗಾದರೆ ಹಾಸನೂರು ದಾಟಿ ದಿಂಬಮ್ಮಿನಿಂದ ಬಣ್ಣಾರಿಗೆ 27 ತಿರುವುಗಳ ಇಳಿಜಾರು. ಇಳಿಯುವಾಗ ಬ್ರೇಕಿನ ಶಾಖದಲ್ಲಿ ಪೋಲಾಗುವ ಶಕ್ತಿಯಲ್ಲಿ ಒಂದು ಪಾಲನ್ನು ಮತ್ತೆ ಬ್ಯಾಟರಿಗೆ ತುಂಬಿಕೊಳ್ಳುವ ಗುಣ ಆ ಕಾರಿಗಿತ್ತು. ಪೆಟ್ರೋಲು ಗಾಡಿಗೆ ಇಲ್ಲದ ಗುಣವದು. ಆದರೆ ಸತ್ಯಮಂಗಲದಲ್ಲಿ ಮತ್ತೆ ಚಾರ್ಜು ಮಾಡದೆ ಘಾಟಿ ಹತ್ತಿ ಮನೆ ಸೇರುವುದು ಅದರಿಂದ ಆಗದ ಮಾತು. ಅದು ನಗರದೊಳಗಿನ ಓಡಾಟಕ್ಕೆಂದು ಅಳೆದು ಮಾಡಿದ ವಾಹನವೇ ಹೊರತು ನಮ್ಮಂತಹ ದೂರದ ಊರಿನವರಿಗಲ್ಲ.

ಆದರೂ ಆ ನಗರದಲ್ಲಿಯೂ ಕೊಳ್ಳುವವರು ವಿರಳವಾಗಿದ್ದರು. ಅದೇ ಬೆಲೆಗೆ ಇನ್ನಷ್ಟು ದೊಡ್ಡ ಪೆಟ್ರೋಲು ಕಾರು ಸಿಗುತ್ತಿತ್ತು. ನಾಲ್ಕು ಜನ ದೊಡ್ಡವರು ಕೂರಲಾಗದ ಕಾರನ್ನು ಕಾರೆಂದು ಒಪ್ಪಲು ಭಾರತದ ಮಧ್ಯಮ ವರ್ಗ ಸಿದ್ಧವಿರಲಿಲ್ಲ. ಸೀಸದ ಬ್ಯಾಟರಿಗಳನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸುವ ವೆಚ್ಚವೂ ಹಿಂಜರಿಕೆ ತಂದಿತು. ಇವು ಕಾರಿನದೇ ಕುಂದುಗಳು, ಮರೆಮಾಚಬೇಕಾದುದಿಲ್ಲ.

ಕಾರಿಗೆ ಮರ್ಯಾದೆ ಸಿಕ್ಕಿದ್ದು ಸಮುದ್ರದಾಚೆ. ಲಂಡನ್ ನಗರ 2003ರ ಫೆಬ್ರುವರಿಯಿಂದ ತನ್ನ ನಡುಭಾಗಕ್ಕೆ ಬರುವ ಕಾರುಗಳ ಮೇಲೆ ದಿನಸುಂಕ ವಿಧಿಸಿತು. ವಿದ್ಯುತ್ ವಾಹನಗಳಿಗೆ ವಿನಾಯಿತಿ ಕೊಟ್ಟಿತು. ಮರುವರ್ಷ ರೇವಾ ಅಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದಿತು. ಬೊಮ್ಮಸಂದ್ರದಲ್ಲಿ ಜೋಡಿಸಿದ ಕಾರುಗಳು ಥೇಮ್ಸ್ ನದಿಯ ದಡದ ಬೀದಿಗಳಲ್ಲಿ ನಿಂತು ಚಾರ್ಜಾಗುವುದು ಒಂದು ಕಾಲಕ್ಕೆ ಲಂಡನ್ನಿನ ಪರಿಚಿತ ನೋಟವಾಗಿತ್ತು. ಒಂದೇ ಕಾರು, ಒಂದೇ ಬ್ಯಾಟರಿ. ಅಲ್ಲಿ ಗಿರಾಕಿ ಸಿಕ್ಕಿದ್ದಕ್ಕೂ ಇಲ್ಲಿ ಸಿಗದಿದ್ದಕ್ಕೂ ಮುಖ್ಯ ವ್ಯತ್ಯಾಸ ಆಡಳಿತದ ಒಂದು ನಿರ್ಧಾರ.

ಅಲ್ಲಿ ಹೊಗಳಿಕೆಯ ಜೊತೆಗೆ ತೆಗಳಿಕೆಯೂ ಬಂದಿತು. ಬ್ರಿಟನ್ನಿನ ಮೋಟಾರು ಪತ್ರಕರ್ತರು ಆ ಕಾರನ್ನು ಗೇಲಿ ಮಾಡಿದರು. ಅಲ್ಲಿನ ಕಾನೂನು ಅದನ್ನು ಕಾರೆಂದು ಎಣಿಸದೆ ಹಗುರವಾದ ನಾಲ್ಕು ಚಕ್ರದ ವಾಹನವೆಂದು ವರ್ಗೀಕರಿಸಿದ್ದರಿಂದ ಕಾರುಗಳಿಗೆ ಕಡ್ಡಾಯವಾದ ಡಿಕ್ಕಿ ಪರೀಕ್ಷೆ ಅದಕ್ಕೆ ಅನ್ವಯಿಸುತ್ತಿರಲಿಲ್ಲ. 2007ರಲ್ಲಿ ಪತ್ರಿಕೆಯೊಂದು ನಡೆಸಿದ ಡಿಕ್ಕಿ ಪರೀಕ್ಷೆಯ ಚಿತ್ರಗಳು ಕಳವಳ ಹುಟ್ಟಿಸಿದವು. ಮುಂದೆ 2010ರಲ್ಲಿ ಲಂಡನ್ನಿನ ಅಪಘಾತವೊಂದರಲ್ಲಿ ಈ ಕಾರು ನಡೆಸುತ್ತಿದ್ದವರ ಪ್ರಾಣ ಹೋಯಿತು. ಟೀಕೆಗಳ ಬಳಿಕ ಕಂಪನಿ ಮುಂಭಾಗವನ್ನು ಬಲಪಡಿಸಿತು, ಬ್ರೇಕುಗಳನ್ನು ಉತ್ತಮಪಡಿಸಿತು, 2009ರಲ್ಲಿ ಲಿಥಿಯಂ ಬ್ಯಾಟರಿಯ ಮಾದರಿಯನ್ನೂ ತಂದಿತು. ಹೊಸದನ್ನು ಮೊದಲು ರಸ್ತೆಗಿಳಿಸುವವರ ಜವಾಬ್ದಾರಿ ಎಷ್ಟು ಭಾರವಾದುದೆಂಬುದಕ್ಕೆ ಇದು ಸಾಕ್ಷಿ. ಅಭಿಮಾನದಿಂದ ಬರೆಯುವ ಚರಿತ್ರೆಯೂ ಇದನ್ನು ಬಿಡಬಾರದು.

ಇನ್ನು ಜಗತ್ತಿನ ಕಾಲಗಣನೆಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಅಮೆರಿಕದ ದೈತ್ಯ ಕಂಪನಿ ಜನರಲ್ ಮೋಟಾರ್ಸ್ 1996ರಲ್ಲಿ ಬಾಡಿಗೆಗೆ ಕೊಟ್ಟಿದ್ದ ತನ್ನ ವಿದ್ಯುತ್ ಕಾರುಗಳನ್ನು 2003ರ ಸುಮಾರಿಗೆ ಹಿಂಪಡೆದು ಬಹುಪಾಲನ್ನು ಜಜ್ಜಿ ಗುಜರಿಗೆ ಹಾಕಿತು. ಟೆಸ್ಲಾ ಕಂಪನಿ ಹುಟ್ಟಿದ್ದು 2003ರಲ್ಲಿ. ಅದರ ಮೊದಲ ಕಾರು ಗಿರಾಕಿಯ ಕೈ ಸೇರಿದ್ದು 2008ರಲ್ಲಿ. ಅಂದರೆ ದೊಡ್ಡವರು ಕೈಬಿಟ್ಟು, ಹೊಸಬರು ಇನ್ನೂ ಬಾರದಿದ್ದ ನಡುವಿನ ವರ್ಷಗಳಲ್ಲಿ ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆ ವಿದ್ಯುತ್ ಕಾರನ್ನು ನಿಲ್ಲಿಸದೆ ತಯಾರಿಸುತ್ತ, ಇಪ್ಪತ್ತಕ್ಕೂ ಹೆಚ್ಚು ದೇಶಗಳಿಗೆ ಕಳುಹಿಸುತ್ತ ಬಂದಿತು. ಒಟ್ಟು ಮಾರಾಟ ಕೆಲವೇ ಸಾವಿರವಾದರೂ ಆಗ ಜಗತ್ತಿನಲ್ಲಿ ದಿನನಿತ್ಯ ಓಡುತ್ತಿದ್ದ ವಿದ್ಯುತ್ ಕಾರುಗಳ ಸಂಖ್ಯೆಗೆ ಹೋಲಿಸಿದರೆ ಅದು ಸಣ್ಣದಲ್ಲ.

ಆದರೆ ಕಾರಿನ ಉದ್ಯಮ ಬಂಡವಾಳವನ್ನು ನೀರಿನಂತೆ ಕುಡಿಯುವಂಥದು. ಹೊಸ ಮಾದರಿಗೆ, ಹೊಸ ಬ್ಯಾಟರಿಗೆ, ದೊಡ್ಡ ಕಾರ್ಖಾನೆಗೆ ಹಣ ಬೇಕಾಗಿತ್ತು. 2009ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಂಪನಿ ಎರಡು ಹೊಸ ಮಾದರಿಗಳನ್ನು ತೋರಿಸಿತು. 2010ರ ಮೇ ತಿಂಗಳಲ್ಲಿ ಮಹೀಂದ್ರಾ ಸಂಸ್ಥೆ ರೇವಾ ಕಂಪನಿಯ 55.2 ಶೇಕಡ ಷೇರುಗಳನ್ನು ತನ್ನದಾಗಿಸಿಕೊಂಡಿತು. ಚೇತನ್ ಕಂಪನಿಯಲ್ಲಿಯೇ ಮುಂದುವರಿದರು. 2012ರಲ್ಲಿ ಬೊಮ್ಮಸಂದ್ರದಲ್ಲಿ ವರ್ಷಕ್ಕೆ 30,000 ಕಾರು ತಯಾರಿಸಬಲ್ಲ ಹೊಸ ಕಾರ್ಖಾನೆ ತೆರೆಯಿತು. 2013ರ ಮಾರ್ಚಿನಲ್ಲಿ ಲಿಥಿಯಂ ಬ್ಯಾಟರಿಯ, ನಾಲ್ಕು ಆಸನದ ‘ಇ-ಟು-ಒ’ ಕಾರು ಬಿಡುಗಡೆಯಾಯಿತು.

ವಿಶ್ವೇಶ್ವರಯ್ಯನವರ ಪ್ರಕರಣವನ್ನು ನೆನಪಿಟ್ಟುಕೊಳ್ಳಿರೆಂದು ನಾವು ಕೋರಿದ್ದು ಈ ಘಟ್ಟಕ್ಕಾಗಿ. ಕೇಂದ್ರ ಸರ್ಕಾರ 2010ರ ನವೆಂಬರಿನಲ್ಲಿ ವಿದ್ಯುತ್ ವಾಹನಗಳಿಗೆ ಸಹಾಯಧನವೊಂದನ್ನು ಘೋಷಿಸಿತ್ತು. ಅದರ ಅವಧಿ 2012ರ ಮಾರ್ಚಿಗೆ ಮುಗಿಯಿತು. ಮುಂದಿನ ಯೋಜನೆಯಾದ ‘ಫೇಮ್’ ಜಾರಿಗೆ ಬಂದುದು 2015ರ ಏಪ್ರಿಲಿನಲ್ಲಿ. ನಡುವೆ ಮೂರು ವರ್ಷ ಬರಿದು. ವರ್ಷಗಟ್ಟಲೆ ಬೆವರು ಸುರಿಸಿ ಕಟ್ಟಿದ ಹೊಸ ಕಾರು ಮಾರುಕಟ್ಟೆಗೆ ಬಂದದ್ದು ಸರಿಯಾಗಿ ಆ ಬರಿದು ವರ್ಷಗಳ ನಡುವೆ. ಸಹಾಯಧನವಿಲ್ಲದೆ ಅದರ ಬೆಲೆ ಸಾಮಾನ್ಯ ಗಿರಾಕಿಗೆ ದುಬಾರಿಯೆನಿಸಿತು. ಮೂವತ್ತು ಸಾವಿರ ಸಾಮರ್ಥ್ಯದ ಕಾರ್ಖಾನೆಗೆ ತಕ್ಕ ಬೇಡಿಕೆ ಹುಟ್ಟಲಿಲ್ಲ. ಬೆಲೆಯೊಂದೇ ಅಡ್ಡಿಯಾಗಿರಲಿಲ್ಲವೆಂಬುದು ನಿಜ. ದಾರಿಯಲ್ಲಿ ಚಾರ್ಜು ಮಾಡುವ ತಾಣಗಳಿರಲಿಲ್ಲ, ಓಟದ ದೂರವೂ ಕಡಿಮೆ. ಆದರೂ ಮೈಸೂರಿನ ಕಾರ್ಖಾನೆಗೆ 1940ರ ಸುಮಾರಿಗೆ ಪರಕೀಯ ಸರ್ಕಾರದ ಒಪ್ಪಿಗೆ ಸಿಗಲಿಲ್ಲ. ಬೆಂಗಳೂರಿನ ಕಾರಿಗೆ 2013ರಲ್ಲಿ ನಮ್ಮದೇ ಸರ್ಕಾರದ ನೆರವು ಹೊತ್ತಿಗೆ ಒದಗಲಿಲ್ಲ. ಮೊದಲನೆಯದು ಅಧಿಕಾರವಿಲ್ಲದವರ ಕಷ್ಟ, ಎರಡನೆಯದು ಅಧಿಕಾರದ ಉದಾಸೀನ. ಇವೆರಡೂ ಒಂದೇ ಎಂದು ನಾವು ಹೇಳುವುದಿಲ್ಲ. ಫಲ ಮಾತ್ರ ಬಹುಮಟ್ಟಿಗೆ ಒಂದೇ ಆಯಿತು.

ಚೇತನ್ ಕೆಲವು ವರ್ಷಗಳ ಬಳಿಕ ಆ ಕಂಪನಿಯಿಂದ ಹೊರಬಂದರು. ತಾಯಿಯ ಹೆಸರಿಟ್ಟು ಕಟ್ಟಿದ ಕಂಪನಿಯನ್ನು ಬಿಟ್ಟ ಮೇಲೂ ಕೆಲಸ ಬಿಡಲಿಲ್ಲ. 2017ರಲ್ಲಿ ಉದಯ್ ಖೇಮ್ಕಾ ಅವರೊಡನೆ ಸನ್ ಮೊಬಿಲಿಟಿ ಎಂಬ ಸಂಸ್ಥೆ ಆರಂಭಿಸಿದರು. ಅಲ್ಲಿ ಕಾರಿನ ತಯಾರಿಕೆಯಿಲ್ಲ. ಆಟೋ, ಸರಕು ಗಾಡಿ, ಬಸ್ಸುಗಳ ಬರಿದಾದ ಬ್ಯಾಟರಿಯನ್ನು ತೆಗೆದು, ತುಂಬಿದ ಬ್ಯಾಟರಿಯನ್ನು ಕೆಲವೇ ನಿಮಿಷಗಳಲ್ಲಿ ಇಟ್ಟುಕೊಡುವ ವ್ಯವಸ್ಥೆ. ನಮ್ಮೂರಿನಲ್ಲಿ ಅಡುಗೆ ಅನಿಲದ ಖಾಲಿ ಸಿಲಿಂಡರು ಕೊಟ್ಟು ತುಂಬಿದ್ದನ್ನು ಪಡೆಯುವಂತೆಯೇ ಎಂದರೆ ಯಾರಿಗೂ ಅರ್ಥವಾದೀತು. ರೇವಾದಲ್ಲಿ ಅವರನ್ನು ಕಾಡಿದ ತೊಡಕುಗಳನ್ನು ನೆನೆದರೆ ಈ ಹೊಸ ದಾರಿ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಬ್ಯಾಟರಿಯ ಬೆಲೆಯೇ ಗಿರಾಕಿಯನ್ನು ಹೆದರಿಸುವುದಾದರೆ ಬ್ಯಾಟರಿಯನ್ನು ವಾಹನದ ಬೆಲೆಯಿಂದ ಬೇರ್ಪಡಿಸಬೇಕು. ಎಂಟು ಗಂಟೆ ಚಾರ್ಜು ಮಾಡುವ ತಾಳ್ಮೆ ದುಡಿಯುವವನಿಗಿಲ್ಲವಾದರೆ ಕಾಯುವ ಸಮಯವನ್ನೇ ತೆಗೆದುಹಾಕಬೇಕು. ಹಳೆಯ ಪೆಟ್ಟಿನಿಂದ ಕಲಿತ ಪಾಠವೇ ಹೊಸ ಉದ್ಯಮದ ತಳಪಾಯವಾಯಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇದು ಸೋಲಿನ ಕಥೆಯೇ? ಮಾರಾಟದ ಲೆಕ್ಕದಲ್ಲಿ ಹೌದು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಕಾರ್ಖಾನೆಯೊಂದು ಸಮಾಜಕ್ಕೆ ಕೊಡುವುದು ಸರಕನ್ನು ಮಾತ್ರವಲ್ಲ. ಅಲ್ಲಿ ಕೈ ಪಳಗಿದವರನ್ನೂ ಕೊಡುತ್ತದೆ, ಅವರು ಹೊತ್ತೊಯ್ಯುವ ತಿಳಿವಳಿಕೆಯನ್ನೂ ಕೊಡುತ್ತದೆ. ಮಹೀಂದ್ರಾ ಸಂಸ್ಥೆ ವಿದ್ಯುತ್ ವಾಹನದಲ್ಲಿ ಇಟ್ಟ ಮೊದಲ ಹೆಜ್ಜೆಗಳಿಗೆ ಬೊಮ್ಮಸಂದ್ರದ ಅನುಭವ ಆಧಾರವಾಯಿತು. ವಿದ್ಯುತ್ ವಾಹನಕ್ಕೆ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ರೂಪಿಸಿದ ರಾಜ್ಯ ಕರ್ನಾಟಕ, 2017ರಲ್ಲಿ. ಈ ಕಾರು ಬೆಂಗಳೂರಿನ ಬೀದಿಗಿಳಿದು ಆಗ ಹದಿನಾರು ವರ್ಷವಾಗಿತ್ತು. ನೀತಿಗಿಂತ ಮುಂಚೆ ಹೊರಟ ಪ್ರಯೋಗಕ್ಕೆ ಆ ನೀತಿಯ ಲಾಭ ಸಿಗಲಿಲ್ಲವೆಂಬುದೇ ಈ ಚರಿತ್ರೆಯ ನೋವು.

ಗಡಿಯ ಕನ್ನಡಿಗರಾದ ನಮಗೆ ಇದರಲ್ಲಿ ಇನ್ನೂ ಒಂದು ಮಾತು ಕೇಳಿಸುತ್ತದೆ. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿದಾಗ ತಾಳವಾಡಿ ಫಿರ್ಕಾ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಎಲ್ಲೋ ಕುಳಿತವರು ಎಳೆದ ಗೆರೆ ಮತ್ತು ತೆಗೆದುಕೊಂಡ ತೀರ್ಮಾನ ಬದುಕಿನ ದಾರಿಯನ್ನು ಹೇಗೆ ತಿರುಗಿಸುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಉದ್ಯಮ ಈಗ ಆ ಗೆರೆಯನ್ನು ದಾಟುತ್ತಿದೆ. ಬೊಮ್ಮಸಂದ್ರದಿಂದ ಹೊಸೂರು ಹೆದ್ದಾರಿಯಲ್ಲಿ ಅತ್ತಿಬೆಲೆಯ ಗಡಿ ದೂರವಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ವಿದ್ಯುತ್ ಸ್ಕೂಟರ್ ಕಂಪನಿಗಳು ಇಂದು ಗಡಿಯಾಚೆ ಹೊಸೂರು, ಕೃಷ್ಣಗಿರಿಗಳಲ್ಲಿ ಕಾರ್ಖಾನೆ ನಡೆಸುತ್ತಿವೆ. ಆ ಸೀಮೆಯಲ್ಲಿಯೂ ಕನ್ನಡದ ಮನೆಗಳಿವೆ. ಕನ್ನಡ ಮಾತಾಡುವ, ತಮಿಳು ಬಲ್ಲ ನಮ್ಮ ಹುಡುಗ ಹುಡುಗಿಯರಿಗೆ ಎರಡೂ ಕಡೆಯ ಬಾಗಿಲು ತೆರೆದಿರುವ ಕಾಲವಿದು.

ಅವರು ಬಿಡಿಭಾಗ ಜೋಡಿಸುವ ಕೆಲಸಕ್ಕಷ್ಟೇ ಸೀಮಿತರಾಗಿ ಉಳಿಯದೆ, ಕಲಿತು, ಹೊಸದನ್ನು ಕಟ್ಟುವವರಾಗಲೆಂದು ನಾವು ಬಯಸುತ್ತೇವೆ. ಅದಕ್ಕೆ ನಮ್ಮ ಊರಿನ ಶಾಲೆಗಳಲ್ಲಿ ವಿಜ್ಞಾನ ಕಲಿಸುವವರು ಬೇಕು, ಕನ್ನಡದಲ್ಲಿ ವಿಜ್ಞಾನದ ಪುಸ್ತಕಗಳು ಬೇಕು. ಇದು ಸಾಹಿತ್ಯ ಸಮ್ಮೇಳನದ ಕೆಲಸವಲ್ಲವೆಂದು ಯಾರೂ ತಿಳಿಯಬಾರದು. ಮುಂದೆ ಒಂದು ದಿನ ಸದ್ದಿಲ್ಲದ ವಿದ್ಯುತ್ ಬಸ್ಸು ಬಣ್ಣಾರಿಯಿಂದ ದಿಂಬಂ ಹತ್ತಿ ತಾಳವಾಡಿಗೆ ಬಂದು ನಿಂತಾಗ, ಆ ದಾರಿಯನ್ನು ಮೊದಲು ಹಿಡಿದು ನಷ್ಟ ಉಂಡವರ ಹೆಸರು ನಮ್ಮ ಮಕ್ಕಳಿಗೆ ಕನ್ನಡದಲ್ಲಿ ತಿಳಿದಿರಲಿ ಎಂಬ ಆಶಯದಿಂದ ಈ ಲೇಖನವನ್ನು ಸಂಚಿಕೆಗೆ ಒಪ್ಪಿಸುತ್ತಿದ್ದೇವೆ.